ಹರದ್ ದಾಟಿದ ಮೇಲೆ

ಹೊಫುಫ್, ಸೌದಿ ಅರೇಬಿಯಾ
14 ಅಕ್ಟೋಬರ್ 2023

ಝಾಹಿದಕ್ಕನಿಗೆ ತುಕ್ರನ ನಮಸ್ಕಾರ.

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ ಉಳ್ಳಾಲದಲ್ಲಿ ನಿಮ್ಮ ನಾದಿನಿ ಸೌದಾ ಸಿಕ್ಕಿದ್ದರು. ನೀವು ಈಗ ಮಗಳು ಅಳಿಯನ ಜೊತೆ ದೋಹಾದಲ್ಲಿದ್ದೀರಿ ಎಂದು ಅವರೇ ಹೇಳಿ, ಅಳಿಯನ ಆಫೀಸಿನ ಪಿ.ಒ. ಬಾಕ್ಸ್ ನಂಬರ್ ಕೊಟ್ಟರು. ಕೊಡುವಾಗ, “ಬರೀರಿ. ಆದ್ರೆ ಉತ್ತರ ಬರ್ತದೆ ಅಂತ ಕಾಯ್ಲಿಕ್ಕೆ ಹೋಗ್ಬೇಡಿ” ಎಂದರು. ನಾನು ಕಾಯುವುದಿಲ್ಲ. ಒಂದು ಸುದ್ದಿ ನಿಮಗೆ ಮುಟ್ಟಬೇಕು, ಅಷ್ಟೆ.

ನಿಮ್ಮ ಯಜಮಾನರು ಮುಝಮ್ಮಿಲಾಕ ಇಲ್ಲಿಯ ರೈಲ್ವೆಯಲ್ಲಿ ಡ್ರೈವರ್ ಆಗಿದ್ದಾಗ ಅವರ ಅಸಿಸ್ಟೆಂಟ್ ಆಗಿದ್ದವನು ನಾನು. ಅವರು ತೀರಿಹೋದ ದಿನ ಎಂಜಿನ್ನಿನಲ್ಲಿ ಅವರ ಜೊತೆ ಇದ್ದವನೂ ನಾನೊಬ್ಬನೇ. ಆ ಕಾರಣಕ್ಕೆ ನನ್ನ ಹೆಸರು ಕೇಳಿದರೆ ನಿಮಗಾಗುವುದಿಲ್ಲ ಎಂದು ಗೊತ್ತಿದೆ.

ಸುದ್ದಿ ಇದು. ಹೊಫುಫ್‌ನ ಹಳೆಯ ಲೋಕೋ ಶೆಡ್ಡನ್ನು ಮ್ಯೂಸಿಯಂ ಮಾಡಿದ್ದಾರೆ. ಅಮೆರಿಕದಿಂದ ಹಡಗಿನಲ್ಲಿ ಬಂದಿಳಿದ ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಮೂರನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದಾರೆ. ತುಕ್ಕು ಕೆರೆದು ಬಣ್ಣ ಬಳಿದವರಲ್ಲಿ ನಾನೂ ಇದ್ದೆ. ಒಂದು ಗಿಡ್ಡ ಮೂತಿಯದು, ಈ ದೇಶದಲ್ಲಿ ಹಳಿ ಹಾಕಿದ ಕಾಲದ್ದು. ಇನ್ನೊಂದರ ಮೂತಿ ಗುಂಡಗೆ, ಮುಂದುಗಡೆ ಹಿತ್ತಾಳೆಯ ಗಂಟೆ ಇದೆ. ಅದು ಪ್ಯಾಸೆಂಜರ್ ಗಾಡಿ ಎಳೆಯುತ್ತಿತ್ತು. ಮೂರನೆಯದು ಮುಝಮ್ಮಿಲಾಕ ಓಡಿಸುತ್ತಿದ್ದ ಎಂಜಿನ್. ಅದೇ ಸೀಟು, ಅದೇ ಕಿಟಕಿ. ಜನ ಹತ್ತಿ ನೋಡಬಹುದು.

ದೋಹಾದಿಂದ ಇಲ್ಲಿಗೆ ಕಾರಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಸಲ್ವಾ ಗಡಿ ದಾಟಿದರೆ ನೇರ ರಸ್ತೆ. ನಾನು ಮಾರ್ಚಿನ ಕೊನೆಗೆ ಈ ದೇಶ ಬಿಟ್ಟು ಊರಿಗೆ ಹೋಗುತ್ತೇನೆ. ಅಷ್ಟರೊಳಗೆ ನೀವು ಬಂದರೆ ಎಲ್ಲವನ್ನೂ ತೋರಿಸಬಲ್ಲೆ.

ಫೋನ್ ನಂಬರ್ ಬರೆದಿಲ್ಲ. ಶೆಡ್ಡಿನ ಸದ್ದಿನಲ್ಲಿ ಬದುಕು ಕಳೆದು ಎರಡೂ ಕಿವಿ ಹೋಗಿವೆ. ಕಾಗದವಾದರೆ ನಿಧಾನಕ್ಕೆ ಓದಿಕೊಳ್ಳಬಹುದು.

ಇಂತಿ,
ತುಕ್ರ


ಅಲ್ ಥುಮಾಮಾ, ದೋಹಾ
9 ನವೆಂಬರ್ 2023

ತುಕ್ರ ಅವರಿಗೆ,

ನಾನು ಝಾಹಿದಾ ಅವರ ಮಗಳು ಶಹನಾ. ನಿಮ್ಮ ಪತ್ರವನ್ನು ನನ್ನ ಗಂಡ ನೌಶಾದ್ ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಿಂದ ತಂದು ಉಮ್ಮನ ಕೈಗೆ ಕೊಟ್ಟರು. ಉಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದರು. ಅಂದು ಮೀನಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ನಾವು ಸುಮ್ಮನೆ ಉಂಡೆವು.

ಮರುದಿನ ಪತ್ರ ಮೇಜಿನ ಮೇಲೆ ತೆರೆದೇ ಇತ್ತು. ನಾನು ಓದಲಿ ಎಂದೇ ಇಟ್ಟರೋ, ಬಿಸಾಡಲು ಮನಸ್ಸಾಗದೆ ಬಿಟ್ಟರೋ ಗೊತ್ತಿಲ್ಲ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿದೆ. “ಬರಿ” ಎಂದೂ ಹೇಳಲಿಲ್ಲ, “ಬೇಡ” ಎಂದೂ ಹೇಳಲಿಲ್ಲ.

ಉಪ್ಪ ತೀರಿಹೋದಾಗ ನನಗೆ ಮೂರು ವರ್ಷ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ ಅವರ ಮುಖ ನನಗೆ ಫೋಟೋದಿಂದ ಮಾತ್ರ ಗೊತ್ತು. ನೆನಪಿರುವುದು ಒಂದೇ: ಯಾರೋ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು, ಅವರ ಕೂದಲಿಗೆ ಸೋಪಿನ ವಾಸನೆ ಇತ್ತು. ಅದು ಉಪ್ಪನೇ ಆಗಿರಬೇಕು ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ.

ನಾನು ಕೇಳುತ್ತಾ ಬೆಳೆದದ್ದನ್ನು ನೇರವಾಗಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ಆಗ ದಮ್ಮಾಮ್‌ನಲ್ಲಿದ್ದ ಸಲಾಂ ಚಿಕ್ಕಪ್ಪ ಊರಿಗೆ ಬಂದು ಹೇಳಿದ್ದರಂತೆ: “ಎದೆನೋವು ಬಂದ ಕೂಡ್ಲೆ ಗಾಡಿ ನಿಲ್ಲಿಸ್ಬೇಕಿತ್ತು. ಜೊತೆಗಿದ್ದವ ನಿಲ್ಲಿಸ್ಲಿಲ್ಲ. ಓಡಿಸಿಕೊಂಡೇ ಬಂದ.” ಚಿಕ್ಕಪ್ಪ ಈಗಿಲ್ಲ. ಆದರೆ ಆ ಮಾತು ನಮ್ಮ ಮನೆಯಲ್ಲಿ ಉಳಿಯಿತು. ನೀವು ಒಮ್ಮೆ ಉಪ್ಪನ ಪೆಟ್ಟಿಗೆ ತಂದುಕೊಡಲು ಉಳ್ಳಾಲಕ್ಕೆ ಬಂದಾಗ ಉಮ್ಮ ಒಳಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಅಂದು ನಿಮಗೆ ಯಾರಾದರೂ ಕುಡಿಯಲು ಏನಾದರೂ ಕೊಟ್ಟರೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಉಪ್ಪನನ್ನು ಹೊಫುಫ್‌ನಲ್ಲೇ ದಫನ ಮಾಡಿದರು. ಆ ಕಬರಸ್ಥಾನದಲ್ಲಿ ಕಲ್ಲಿನ ಮೇಲೆ ಹೆಸರು ಬರೆಯುವುದಿಲ್ಲವಂತೆ, ಹೆಂಗಸರು ಒಳಗೆ ಹೋಗುವ ಹಾಗೂ ಇಲ್ಲವಂತೆ. ಹಾಗಾಗಿ ಉಮ್ಮನಿಗೆ ಹೋಗಿ ನಿಲ್ಲಲು ಒಂದು ಜಾಗವೇ ಇಲ್ಲ. ನಾಲ್ಕು ವರ್ಷದಿಂದ ಅಷ್ಟು ಹತ್ತಿರ ಇದ್ದೂ ಅವರು ಒಮ್ಮೆಯೂ ಹೊಫುಫ್ ಎಂಬ ಹೆಸರನ್ನು ಎತ್ತಿರಲಿಲ್ಲ.

ಅಂದು ಏನಾಯಿತು? ನೀವು ಯಾಕೆ ನಿಲ್ಲಿಸಲಿಲ್ಲ? ನನಗೆ ತಿಳಿಯಬೇಕು.

ಶಹನಾ


ಹೊಫುಫ್
2 ಡಿಸೆಂಬರ್ 2023

ಪ್ರೀತಿಯ ಶಹನಾ,

ಅಂದು ಸೌದಾ ಅವರು ನನಗೆ ಶರಬತ್ತು ತಂದುಕೊಟ್ಟಿದ್ದರು. ನೀನು ಬಾಗಿಲ ಹತ್ತಿರ ಗೊಂಬೆ ಹಿಡಿದು ನಿಂತಿದ್ದೆ. ಗೊಂಬೆ ನಾನು ಮತ್ತು ನಿನ್ನ ಉಪ್ಪ ದಮ್ಮಾಮ್‌ನ ಸೂಕ್ ಪೇಟೆಯಲ್ಲಿ ಒಟ್ಟಿಗೆ ಆರಿಸಿದ್ದು. ಪೆಟ್ಟಿಗೆ ತೆರೆದ ಕೂಡಲೆ ನೀನು ಎತ್ತಿಕೊಂಡಿರಬೇಕು. ಏಕವಚನದಲ್ಲಿ ಬರೆದದ್ದಕ್ಕೆ ಬೇಸರಿಸಬೇಡ. ಅಂದು ನೋಡಿದ ಮಗುವಿಗೆ ಬಹುವಚನ ಹಾಕಲು ಕೈ ಬರುವುದಿಲ್ಲ.

ನಿನ್ನ ಉಪ್ಪನ ಬಗ್ಗೆ ಮೊದಲು ಒಂದೆರಡು ಮಾತು ಹೇಳಬೇಕು. ಕೊನೆಯ ದಿನವನ್ನು ಮಾತ್ರ ಹೇಳಿದರೆ ಅವರಿಗೆ ಅನ್ಯಾಯವಾಗುತ್ತದೆ.

ನಾವಿಬ್ಬರೂ ಎಂಜಿನ್ನಿನಲ್ಲಿ ತುಳು ಮಾತಾಡುತ್ತಿದ್ದೆವು. ಅಷ್ಟು ದೊಡ್ಡ ಮರಳುಗಾಡಿನಲ್ಲಿ ತುಳು ಕೇಳುವ ಜಾಗ ಅದೊಂದೇ. ಹಳಿಯ ಮೇಲೆ ಚಕ್ರ ಜಾರಿದರೆ ಹಿಡಿತ ಸಿಗಲಿ ಎಂದು ಎಂಜಿನ್ನಿನಲ್ಲಿ ಒಣಗಿಸಿ ಸೋಸಿದ ಮರಳು ತುಂಬುತ್ತಾರೆ. ಅದನ್ನು ತುಂಬುವಾಗಲೆಲ್ಲ ಅವರು ನಗುತ್ತಿದ್ದರು. “ನೋಡು ತುಕ್ರ, ಅಮೆರಿಕದವನ ಬುದ್ಧಿ. ಮರಳುಗಾಡಿಗೆ ಬಂದ್ರೂ ಮರಳು ಮನೆಯಿಂದ್ಲೇ ಕಟ್ಟಿಕೊಂಡು ಬರ್ಬೇಕು.” ಹೊಸದಾಗಿ ಬಂದವರನ್ನು ಬೈಯುತ್ತಿರಲಿಲ್ಲ. ನಮಾಜಿನ ಹೊತ್ತಿಗೆ ಗಾಡಿ ಕ್ರಾಸಿಂಗಿಗೆ ನಿಂತರೆ ಹಳಿಯ ಪಕ್ಕದ ನೆರಳಿನಲ್ಲಿ ಚಾಪೆ ಹಾಕುತ್ತಿದ್ದರು. ನಾನು ರೇಡಿಯೋ ನೋಡಿಕೊಳ್ಳುತ್ತಿದ್ದೆ. ಭೂತದ ಕೋಲಕ್ಕೆ ನಾನು ಊರಿಗೆ ಹೋಗಬೇಕೆಂದಾಗ ಮೇಲಿನವರ ಹತ್ತಿರ ಹೋಗಿ ರಜೆ ಕೇಳಿದವರು ಅವರು.

ಈಗ ಆ ದಿನ. ಮೂವತ್ತು ವರ್ಷದ ಹಿಂದಿನ ಆಗಸ್ಟ್ ತಿಂಗಳು. ರಿಯಾದ್‌ನಿಂದ ಖಾಲಿ ಕಂಟೇನರುಗಳ ಗೂಡ್ಸ್ ತರುತ್ತಿದ್ದೆವು. ಹರದ್ ಎಂಬ ಸ್ಟೇಷನ್ ದಾಟಿದರೆ ಹೊಫುಫ್ ತನಕ ನಡುವೆ ಊರಿಲ್ಲ. ಹಳಿಯ ಪಕ್ಕ ಆಗ ರಸ್ತೆಯೂ ಇರಲಿಲ್ಲ. ಜೀಪುಗಳ ಚಕ್ರದ ಗುರುತು ಇರುತ್ತಿತ್ತು, ಗಾಳಿ ಬೀಸಿದರೆ ಅದೂ ಇಲ್ಲ.

ಆ ಎಂಜಿನ್ನಿನಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆ, ಅಸಿಸ್ಟೆಂಟ್ ಎಡಗಡೆ. ಡ್ರೈವರನ ಕಾಲಡಿಯಲ್ಲಿ ಒಂದು ಪೆಡಲ್ ಇದೆ. ಗಾಡಿ ಓಡುವಷ್ಟು ಹೊತ್ತೂ ಅದನ್ನು ಒತ್ತಿಕೊಂಡಿರಬೇಕು. ಕಾಲು ತೆಗೆದರೆ ಮೊದಲು ಸಿಳ್ಳೆ ಹೊಡೆಯುತ್ತದೆ, ಸ್ವಲ್ಪ ಬಿಟ್ಟು ತಾನಾಗಿ ಬ್ರೇಕ್ ಬೀಳುತ್ತದೆ. ಡ್ರೈವರನಿಗೆ ನಿದ್ದೆ ಬಂದರೂ ಪ್ರಾಣ ಹೋದರೂ ಗಾಡಿ ನಿಲ್ಲಲಿ ಎಂದು ಮಾಡಿದ ಏರ್ಪಾಡು.

ಹರದ್ ದಾಟಿದ ಮೇಲೆ ಆ ಸಿಳ್ಳೆ ಕೇಳಿತು. ತಿರುಗಿ ನೋಡಿದರೆ ಮುಝಮ್ಮಿಲಾಕ ಎದೆ ಹಿಡಿದುಕೊಂಡಿದ್ದರು. ಮೈಯೆಲ್ಲ ಬೆವರು. ಕಾಲು ಪೆಡಲಿನಿಂದ ಜಾರಿತ್ತು.

ಆದ್ದರಿಂದ ಸಲಾಂ ಹೇಳಿದ್ದು ಸುಳ್ಳಲ್ಲ, ಮಗೂ. ಗಾಡಿ ತಾನಾಗಿ ನಿಲ್ಲುವುದರಲ್ಲಿತ್ತು. ನಿಲ್ಲಲು ಬಿಡದವನು ನಾನು. ನೆಲಕ್ಕೆ ಬಿದ್ದು ಕೈಯಿಂದ ಪೆಡಲ್ ಒತ್ತಿ ಹಿಡಿದೆ. ಇನ್ನೊಂದು ಕೈಯಲ್ಲಿ ರೇಡಿಯೋದ ಮೈಕನ್ನು ಕೆಳಗೆ ಎಳೆದುಕೊಂಡು ಹೊಫುಫ್‌ಗೆ ಕೂಗಿದೆ. ಆಂಬುಲೆನ್ಸ್ ಸ್ಟೇಷನ್ನಿಗೆ ಕಳಿಸುತ್ತೇವೆ, ಅಲ್ಲಿಯ ತನಕ ತರಲು ಆಗುತ್ತದಾ ಎಂದು ಕೇಳಿದರು. ನಿನ್ನ ಉಪ್ಪನೇ ಮೊದಲು ಹೇಳಿದರು. “ನಿಲ್ಲಿಸ್ಬೇಡ ಮಾರಾಯ. ಇಲ್ಲಿ ನಿಲ್ಲಿಸಿದ್ರೆ ಇಲ್ಲೇ ಖಲಾಸ್.”

ಅವರಿಗೆ ಸೀಟಿನಿಂದ ಏಳಲಾಗಲಿಲ್ಲ, ಅವರು ಕೂತಿರುವಾಗ ಪಕ್ಕ ನಿಂತು ಪೆಡಲಿಗೆ ಕಾಲಿಡಲು ಜಾಗವಿರಲಿಲ್ಲ. ನಾನು ಅವರ ಕಾಲ ಬುಡದಲ್ಲಿ ಕೂತೆ. ಅಲ್ಲಿಂದ ಹಳಿ ಕಾಣುವುದಿಲ್ಲ. ಅವರ ಮೊಣಕಾಲು ಮತ್ತು ಕಬ್ಬಿಣದ ಗೋಡೆ, ಅಷ್ಟೇ. ಅವರ ಎಡಗೈ ಥ್ರಾಟಲ್ ಮೇಲಿತ್ತು. ಮೇಲಿಂದ ಅವರು ಹೇಳುತ್ತಿದ್ದರು: “ಲೈನ್ ಕ್ಲಿಯರ್ ಉಂಟು... ತಿರುವು ಬಂತು, ಸ್ಪೀಡ್ ಕಮ್ಮಿ ಮಾಡ್ತೇನೆ... ಒಂಟೆ ಉಂಟು, ಹಾರ್ನ್ ಹೊಡಿತೇನೆ.” ಅವರ ಕಣ್ಣು, ನನ್ನ ಕೈ. ಹಾಗೆ ಬಂದೆವು.

ಹೊಫುಫ್‌ನ ಖರ್ಜೂರದ ತೋಟಗಳು ಬರುವ ಮೊದಲೇ ಅವರ ಮಾತು ನಿಂತಿತು. ಆಮೇಲೆ ನಾನು ಎದ್ದು ಅವರನ್ನು ಕಿಟಕಿಯ ಕಡೆಗೆ ಒರಗಿಸಿ, ಪಕ್ಕ ನಿಂತು, ಪೆಡಲಿನ ಮೇಲೆ ನನ್ನ ಕಾಲಿಟ್ಟು ಗಾಡಿ ತಂದೆ. ಆಂಬುಲೆನ್ಸ್ ಬಂದು ನಿಂತಿತ್ತು. ಅದು ಬೇಕಾಗಲಿಲ್ಲ.

ನಿಲ್ಲಿಸಿದ್ದರೆ ಬದುಕುತ್ತಿದ್ದರೇ? ಆ ಪ್ರಶ್ನೆಯ ಜೊತೆ ನಾನು ಮುದುಕನಾಗಿದ್ದೇನೆ. ನಿಲ್ಲಿಸಿದ್ದರೆ ನೀರು ಕುಡಿಸಬಹುದಿತ್ತು, ಮಲಗಿಸಬಹುದಿತ್ತು. ಆಸ್ಪತ್ರೆ ಮಾತ್ರ ನಮ್ಮ ಹತ್ತಿರ ಬರುತ್ತಿರಲಿಲ್ಲ. ಇಷ್ಟೇ ನನಗೆ ಗೊತ್ತಿರುವುದು.

ಮಾತು ನಿಲ್ಲುವ ಹೊತ್ತಿನ ಒಂದು ಸಂಗತಿಯನ್ನು ಇಲ್ಲಿ ಬರೆದಿಲ್ಲ. ಅದು ನಿನ್ನ ಉಮ್ಮನಿಗೆ ಸೇರಿದ್ದು. ಅವರು ಕೇಳಿದರೆ ಹೇಳುತ್ತೇನೆ.

ತುಕ್ರ


ದೋಹಾ
6 ಜನವರಿ 2024

ತುಕ್ರ ಅವರಿಗೆ ಝಾಹಿದಾ ಬರೆಯುವುದು.

ಶಹನಾ ನಿಮ್ಮ ಕಾಗದವನ್ನು ನನಗೆ ಓದಿ ಹೇಳಿದಳು. ನಡುವೆ ಅವಳಿಗೆ ಓದಲಾಗಲಿಲ್ಲ. ಉಳಿದದ್ದನ್ನು ನಾನೇ ಓದಿಕೊಂಡೆ. ಏಳನೇ ತರಗತಿಯವರೆಗೆ ಕಲಿತದ್ದು ನಾನು. ಅಕ್ಷರ ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಪೆಡಲು, ಥ್ರಾಟಲು ನನಗೆ ತಿಳಿಯುವುದಿಲ್ಲ. ನನಗೆ ಬೇಕಾದದ್ದು ಬೇರೆ. ನಮ್ಮಲ್ಲಿ ಪ್ರಾಣ ಹೋಗುವವರ ಬಾಯಿಗೆ ನೀರು ಬಿಡುತ್ತಾರೆ. ಕಿವಿಯ ಹತ್ತಿರ ಅಲ್ಲಾಹನಲ್ಲದೆ ಬೇರೆ ದೇವರಿಲ್ಲ ಎಂಬ ಕಲಿಮಾ ಹೇಳುತ್ತಾರೆ, ಅದನ್ನು ಕೇಳಿ ಅವರೂ ಹೇಳಿ ಹೋಗಲಿ ಎಂದು. ನನ್ನ ತಾಯಿಗೆ ನಾನೇ ಹೇಳಿದ್ದೇನೆ. ನನ್ನ ಮಾವನಿಗೂ ನಾನೇ ನೀರು ಬಿಟ್ಟದ್ದು. ನನ್ನ ಗಂಡನಿಗೆ ಮಾತ್ರ ನಾನು ಏನೂ ಮಾಡಲಿಲ್ಲ. ಮಯ್ಯತ್ತು ಊರಿಗೆ ಬರಲಿಲ್ಲ, ಮುಖ ನೋಡಲಿಲ್ಲ. ಮಣ್ಣು ಎಲ್ಲಿ ಎಂದು ಗೊತ್ತಿಲ್ಲ.

ಕೇಳುವುದು ಇಷ್ಟು. ಅವರ ಬಾಯಿಗೆ ನೀರು ಸಿಕ್ಕಿತೇ? ಕೊನೆಗೆ ಅವರ ನಾಲಿಗೆಯಲ್ಲಿ ಕಲಿಮಾ ಇತ್ತೇ?

ಇಲ್ಲವೆಂದಾದರೆ ಇಲ್ಲವೆಂದೇ ಬರೆಯಿರಿ. ನನ್ನ ಸಮಾಧಾನಕ್ಕೆ ಏನನ್ನೂ ಸೇರಿಸಬೇಡಿ.

ಝಾಹಿದಾ


ಹೊಫುಫ್
17 ಜನವರಿ 2024

ಝಾಹಿದಕ್ಕ,

ನೀವು ಕೇಳಿದ ಹಾಗೆಯೇ ಬರೆಯುತ್ತೇನೆ.

ನೀರು ಸಿಗಲಿಲ್ಲ. ನೀರಿನ ಕ್ಯಾನ್ ನನ್ನ ಸೀಟಿನ ಹಿಂದೆ ಇತ್ತು. ಪೆಡಲಿನಿಂದ ಕೈ ತೆಗೆದರೆ ಗಾಡಿ ನಿಲ್ಲುತ್ತಿತ್ತು. ಅವರು ನೀರು ಕೇಳಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಕಲಿಮಾ. ಹಳಿಯ ಸುದ್ದಿ ಹೇಳುವುದನ್ನು ನಿಲ್ಲಿಸಿ ಅವರು ಅದನ್ನು ಹೇಳಲು ಶುರು ಮಾಡಿದರು. ದಿನಾ ಬೆಳಿಗ್ಗೆ ಎಂಜಿನ್ ಹತ್ತುವಾಗ ಹೇಳುತ್ತಿದ್ದದ್ದೇ ಆದ್ದರಿಂದ ನನಗೆ ಗುರುತು ಸಿಕ್ಕಿತು. ಒಂದು ಸಲ ಪೂರ್ತಿ ಹೇಳಿದರು. ಎರಡನೇ ಸಲ ಹೇಳುವಾಗ ಅರ್ಧಕ್ಕೆ ನಿಂತಿತು. ಕಾದೆ. ಮುಂದಿನದು ಬರಲಿಲ್ಲ. ಆದರೆ ಉಸಿರಾಡುವುದು ಗೊತ್ತಾಗುತ್ತಿತ್ತು. ಆಗ ನಾನು ಕೆಳಗಿನಿಂದ, ಎಂಜಿನ್ನಿನ ಸದ್ದಿಗೆ ಕೇಳಲಿ ಎಂದು ದೊಡ್ಡ ದನಿಯಲ್ಲಿ, ಉಳಿದ ಅರ್ಧ ಹೇಳಿದೆ. ಆಮೇಲೆ ಮೊದಲಿನಿಂದ ಹೇಳಿದೆ. ಮತ್ತೆ ಹೇಳಿದೆ. ಎಷ್ಟು ಸಲ ಎಂದು ಗೊತ್ತಿಲ್ಲ.

ನನ್ನ ಉಚ್ಚಾರ ಸರಿ ಇತ್ತೋ ಇಲ್ಲವೋ. ನಾನು ಹೇಳಬಹುದಿತ್ತೋ ಹೇಳಬಾರದಿತ್ತೋ, ಅದನ್ನು ಯಾರ ಹತ್ತಿರವೂ ಕೇಳುವ ಧೈರ್ಯವಾಗಲಿಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ, ಅಕ್ಕ. ನಾನು ಹೇಳುವಾಗ ಅವರ ಕೈ ಒಮ್ಮೆ ನನ್ನ ತಲೆಯ ಮೇಲೆ ಬಂದು ಕೂತಿತು. ಇಟ್ಟರೋ, ಜಾರಿ ಬಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಸೇರಿಸುವುದಿಲ್ಲ.

ಇದನ್ನು ನನ್ನ ಹೆಂಡತಿ ಪೂವಕ್ಕನಿಗೂ ಹೇಳಿರಲಿಲ್ಲ.

ತುಕ್ರ


ದೋಹಾ
11 ಫೆಬ್ರವರಿ 2024

ತುಕ್ರ ಮಾಮ,

ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸಿ. ನಿಮ್ಮ ಪತ್ರ ಬಂದ ಮೇಲೆ ಉಮ್ಮ ಅದನ್ನು ನಮಗೆ ಯಾರಿಗೂ ತೋರಿಸಲಿಲ್ಲ. ನನ್ನ ಮಗುವನ್ನು ಶಾಲೆಯ ವ್ಯಾನಿಗೆ ಬಿಡುತ್ತಾರೆ, ಅಡುಗೆ ಮಾಡುತ್ತಾರೆ, ಸಂಜೆ ಬಾಲ್ಕನಿಯಲ್ಲಿ ಕೂತು ಏರ್‌ಪೋರ್ಟಿಗೆ ಇಳಿಯುವ ವಿಮಾನಗಳನ್ನು ನೋಡುತ್ತಾರೆ. ನಾನು ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದರೂ ತಿರುಗಿ ನೋಡುವುದಿಲ್ಲ. ನೀವು ಏನು ಬರೆದಿರಿ ಎಂದು ನನಗೆ ಹೆದರಿಕೆಯೇ ಆಗಿತ್ತು.

ಮೊನ್ನೆ ಊಟಕ್ಕೆ ಕೂತಿದ್ದಾಗ ನೌಶಾದರಿಗೆ ಹೇಳಿದರು, “ಆ ಎಂಜಿನ್ ನೋಡ್ಲಿಕ್ಕೆ ಹೋಗುವ.” ನಾವಿಬ್ಬರೂ ಕೈ ಬಾಯಿಗಿಡದೆ ಕೂತೆವು. ವೀಸಾಕ್ಕೆ ಆನ್‌ಲೈನಿನಲ್ಲಿ ಹಾಕಿದ್ದಾಯಿತು, ಬಂದೂ ಆಯಿತು. ಇದೇ ಇಪ್ಪತ್ಮೂರಕ್ಕೆ ಬರುತ್ತೇವೆ.

ಆದರೆ ಉಮ್ಮ ಒಂದು ಮಾತು ಹೇಳಿದ್ದಾರೆ. ಬರೆಯಲು ಕಷ್ಟವಾಗುತ್ತದೆ. ಆ ದಿನ ನೀವು ಅಲ್ಲಿರಬಾರದಂತೆ. “ಯಾಕೆ?” ಎಂದು ಕೇಳಿದೆ. “ಅವರ ಎದುರು ನಂಗೆ ಅಳ್ಲಿಕ್ಕಾಗುದಿಲ್ಲ” ಎಂದರು.

ನೀವು ಏನೆಂದುಕೊಳ್ಳುತ್ತೀರೋ.

ಶಹನಾ


ಹೊಫುಫ್
16 ಫೆಬ್ರವರಿ 2024

ಶಹನಾ,

ಬನ್ನಿ. ನಾನು ಇರುವುದಿಲ್ಲ. ಏನೂ ಅಂದುಕೊಳ್ಳುವುದಿಲ್ಲ.

ಸಾಮಾನ್ಯವಾಗಿ ಜನರನ್ನು ಡ್ರೈವರನ ಸೀಟಿನಲ್ಲಿ ಕೂರಲು ಬಿಡುವುದಿಲ್ಲ, ಹಗ್ಗ ಕಟ್ಟಿರುತ್ತಾರೆ. ಟಿಕೆಟ್ ಕೌಂಟರಿನಲ್ಲಿ ಕೊನ್ಸೆಪ್ಟಾ ಎಂಬ ಗೋವಾದವರು ಇರುತ್ತಾರೆ. ಅವರಿಗೆ ಹೇಳಿಟ್ಟಿದ್ದೇನೆ, ಹಗ್ಗ ಬಿಚ್ಚಿಕೊಡುತ್ತಾರೆ. ಏಣಿಯ ಮೆಟ್ಟಿಲು ಎತ್ತರವಿದೆ. ಅಕ್ಕನನ್ನು ಮುಂದೆ ಹತ್ತಿಸಿ ನೀನು ಹಿಂದೆ ಹತ್ತು. ಕಬ್ಬಿಣ ಬಿಸಿಲಿಗೆ ಕಾಯುತ್ತದೆ, ಬೆಳಿಗ್ಗೆಯೇ ಬನ್ನಿ.

ತುಕ್ರ


ದೋಹಾ
27 ಫೆಬ್ರವರಿ 2024

ತುಕ್ರ ಮಾಮ,

ಹೋಗಿಬಂದೆವು. ಅಲ್ಲಿ ಆದದ್ದನ್ನು ನಿಮಗೆ ಹೇಳಬೇಕು. ನಿಮ್ಮನ್ನು ದೂರ ಇಟ್ಟು ನೋಡಿದ್ದಾದರೂ ಇದು ನಿಮಗೆ ತಿಳಿಯದೆ ಇರಬಾರದು.

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಸುಕಿನ ಸುಬಹ್ ನಮಾಜ್ ಮುಗಿಸಿ ಹೊರಟೆವು. ಉಮ್ಮ ಮುಂದಿನ ಸೀಟಿನಲ್ಲಿ ಕೂತರು. ದೋಹಾಕ್ಕೆ ಬಂದ ಮೇಲೆ ಅವರು ಊರು ದಾಟಿ ಹೋದದ್ದೇ ಇಲ್ಲ. ನಮ್ಮ ಮನೆ, ಲುಲು ಮಾರ್ಕೆಟ್, ಒಮ್ಮೊಮ್ಮೆ ಕಡಲ ಬದಿಯ ಕಾರ್ನಿಶ್, ಇಷ್ಟೇ ಅವರಿಗೆ ಗಲ್ಫ್. ಗಡಿಯಲ್ಲಿ ಮುದ್ರೆ ಹೊಡೆಸಿಕೊಂಡು ಸಲ್ವಾ ದಾಟಿದ ಮೇಲೆ ಎರಡೂ ಕಡೆ ಏನೂ ಇಲ್ಲದಾಯಿತು. ಒಂದು ಮರ ಇಲ್ಲ, ಮನೆ ಇಲ್ಲ. ಉಮ್ಮ ತಸ್ಬೀಹ್ ಮಣಿ ಎಣಿಸುತ್ತಿದ್ದವರು ನಿಲ್ಲಿಸಿದರು. ತುಂಬ ಹೊತ್ತಾದ ಮೇಲೆ ಕೇಳಿದರು, “ಹೀಗೇ ಇರ್ತದಾ, ಪೂರ್ತಿ?”

“ಇದು ರಸ್ತೆ ಇರುವ ಕಡೆ ಉಮ್ಮ” ಎಂದರು ನೌಶಾದ್. “ಅವರು ಬಂದದ್ದು ಇದಕ್ಕಿಂತ ಒಳಗಿನಿಂದ.”

ಉಮ್ಮ ತಸ್ಬೀಹನ್ನು ಪರ್ಸಿನೊಳಗಿಟ್ಟು ಕಿಟಕಿಯತ್ತ ತಿರುಗಿ ಕೂತರು.

ಮ್ಯೂಸಿಯಂನಲ್ಲಿ ಜನ ಹೆಚ್ಚಿರಲಿಲ್ಲ. ಒಂದು ಶಾಲೆಯ ಮಕ್ಕಳು ಬಂದಿದ್ದರು, ಗುಂಡು ಮೂತಿಯ ಎಂಜಿನ್ನಿನ ಗಂಟೆ ಹೊಡೆದು ಕೇಕೆ ಹಾಕುತ್ತಿದ್ದರು. ನೀವು ಬಣ್ಣ ಬಳಿದ ಚಂದ ಏನು ಹೇಳುವುದು! ಬೋರ್ಡುಗಳಲ್ಲಿ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಎಲ್ಲ ಬರೆದಿದ್ದಾರೆ: ಅಮೆರಿಕದ ಯಾವ ಕಾರ್ಖಾನೆ, ಎಷ್ಟು ಕುದುರೆಯ ಬಲ, ಯಾವ ಬಂದರಿನಲ್ಲಿ ಇಳಿಯಿತು ಎಂದು. ಓಡಿಸಿದವರ ಹೆಸರು ಇಲ್ಲ. ಉಮ್ಮ ಯಾವ ಬೋರ್ಡಿನ ಹತ್ತಿರವೂ ನಿಲ್ಲಲಿಲ್ಲ. ಮೊದಲ ಎರಡು ಎಂಜಿನ್ ದಾಟಿ ನೇರ ಮೂರನೆಯದರ ಬಳಿ ಹೋದರು. ನಾನು ತೋರಿಸುವ ಮೊದಲೇ ಹೋದರು.

ಅಷ್ಟು ದೊಡ್ಡದಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಅದರ ಚಕ್ರ ನನ್ನ ಸೊಂಟದವರೆಗೆ ಬರುತ್ತದೆ. ಉಮ್ಮ ಅದರ ಪಕ್ಕ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದರು. ಅಂಗೈಯನ್ನು ಕಬ್ಬಿಣದ ಮೇಲಿಟ್ಟು ಸ್ವಲ್ಪ ಹೊತ್ತು ನಿಂತು, “ಇಷ್ಟು ದೊಡ್ಡದು ಓಡಿಸ್ತಿದ್ರಾ?” ಎಂದರು. ಆ ಮಾತಿನಲ್ಲಿ ಒಂದು ಹೆಮ್ಮೆ ಇತ್ತು, ಮಾಮ. ಉಪ್ಪನ ಬಗ್ಗೆ ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಉಪ್ಪ ಎಂದರೆ ಸತ್ತವರು, ಅಷ್ಟೇ ಆಗಿತ್ತು.

ಕೊನ್ಸೆಪ್ಟಾ ಹಗ್ಗ ಬಿಚ್ಚಿಕೊಟ್ಟು ಶಾಲೆಯ ಮಕ್ಕಳನ್ನು ಆಚೆ ಕರೆದುಕೊಂಡು ಹೋದರು. ಉಮ್ಮ ಸೀಟಿನಲ್ಲಿ ಕೂತರು. ಕಿಟಕಿಯಿಂದ ಹೊರಗೆ ನೋಡಿದರು. ಆಮೇಲೆ ನನ್ನನ್ನು ಕರೆದು, “ನೀನು ಕೆಳಗೆ ಕೂರು” ಎಂದರು.

ನಾನು ಅವರ ಕಾಲ ಬಳಿ ಮುದುಡಿ ಕೂತೆ. ನೀವು ಬರೆದ ಹಾಗೆಯೇ ಏನೂ ಕಾಣುವುದಿಲ್ಲ.

“ಅದನ್ನು ಒತ್ತು.”

ಪೆಡಲ್ ಬಿಗಿಯಾಗಿತ್ತು. ಎರಡೂ ಕೈ ಹಾಕಿ ಒತ್ತಿದೆ.

“ಒಂದು ಕೈ ಬಿಡು. ಅದರಲ್ಲಿ ನೀರಿನ ಕ್ಯಾನ್ ತೆಗೀಲಿಕ್ಕಾಗ್ತದಾ ನೋಡು. ಅಲ್ಲಿ, ಆ ಸೀಟಿನ ಹಿಂದೆ ಇತ್ತಂತೆ.”

ಆಗ ನನಗೆ ಅವರು ನಿಮ್ಮನ್ನು ಕೇಳಿದ್ದು ಏನು, ನೀವು ಬರೆದದ್ದು ಏನು ಎಂದು ಅರ್ಧ ತಿಳಿಯಿತು. ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈ ಚಾಚಿದೆ. ಮೈಯನ್ನೇ ನೆಲಕ್ಕೆ ಹಾಸಿ ಚಾಚಿದೆ. ಸಿಗಲಿಲ್ಲ. ಇನ್ನೂ ಒಂದು ಆಳಿನಷ್ಟು ದೂರ ಇತ್ತು.

ಉಮ್ಮ ಮೇಲಿಂದ ನೋಡುತ್ತಲೇ ಇದ್ದರು. ನನ್ನ ಕೈ ನಡುಗಲು ಶುರುವಾಯಿತು, ಪೆಡಲ್ ಜಾರಿತು.

“ಸಾಕು. ಏಳು ಮಗಳೇ” ಎಂದರು.

ಆಮೇಲೆ ಅತ್ತರು. ದನಿ ಇರಲಿಲ್ಲ. ಸೀಟಿನ ಕೈಯನ್ನು ಹಿಡಿದುಕೊಂಡು, ತಲೆ ತಗ್ಗಿಸಿ. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಅತ್ತು ಮುಗಿದ ಮೇಲೆ ಕೈಗಳನ್ನು ಎತ್ತಿ ದುಆ ಮಾಡಿದರು. ಉಪ್ಪನ ಹೆಸರು ಹೇಳಿದ್ದು ಕೇಳಿತು. ಆಮೇಲೆ ನಿಮ್ಮ ಹೆಸರನ್ನೂ ಹೇಳಿದರು.

ಇಳಿದ ಮೇಲೆ ಕೊನ್ಸೆಪ್ಟಾ ಕುರ್ಚಿ ಹಾಕಿ ಕೂರಿಸಿ ಚಹಾ ಕೊಟ್ಟರು. ಅಲ್ಲಿಂದ ಕಬರಸ್ಥಾನದ ಗೋಡೆಯ ಬಳಿ ನೌಶಾದ್ ಕಾರು ನಿಲ್ಲಿಸಿದರು. ಅವರೊಬ್ಬರೇ ಒಳಗೆ ಹೋಗಿ ಫಾತಿಹಾ ಓದಿ ಬಂದರು. ನಾವಿಬ್ಬರು ಕಾರಿನಲ್ಲಿ ಕೂತಿದ್ದೆವು. ಒಳಗೆ ಹೋಗಲಾಗಲಿಲ್ಲ ಎಂದು ಉಮ್ಮ ಅಂದು ಬೇಸರ ಮಾಡಲಿಲ್ಲ.

ನಾವು ಅಲ್ಲಿದ್ದಾಗ ನೀವು ಎಲ್ಲಿದ್ದಿರಿ?

ಶಹನಾ


ದೋಹಾ
8 ಮಾರ್ಚ್ 2024

ತುಕ್ರಣ್ಣನಿಗೆ ಝಾಹಿದಾಳ ಸಲಾಂ.

ಶಹನಾ ಎಲ್ಲ ಬರೆದಿದ್ದಾಳೆ ಎಂದು ಹೇಳಿದಳು. ಅವಳಿಗೆ ಗೊತ್ತಿಲ್ಲದ್ದನ್ನು ನಾನು ಬರೆಯುತ್ತೇನೆ.

ನಿಮ್ಮ ಜನವರಿಯ ಕಾಗದವನ್ನು ಇಲ್ಲಿ ಮಸೀದಿಯಲ್ಲಿರುವ ನಮ್ಮೂರಿನ ಉಸ್ತಾದರ ಬಳಿ ತೆಗೆದುಕೊಂಡು ಹೋಗಿ, ನಿಮ್ಮ ಹೆಸರು ಹೇಳದೆ ಕೇಳಿದೆ. ನೀವು ಕೇಳಲು ಧೈರ್ಯವಾಗಲಿಲ್ಲ ಎಂದು ಬರೆದಿದ್ದಿರಲ್ಲ, ಅದನ್ನೇ. ಅವರು ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ, “ಆ ಹೊತ್ತಿಗೆ ನೆನಪಿಸುವವರನ್ನು ಅಲ್ಲಾಹನೇ ಹತ್ತಿರ ಕೂರಿಸ್ತಾನೆ. ಯಾರನ್ನು ಕೂರಿಸಿದ ಅಂತ ನಾವು ಕೇಳುದು ಬೇಡ” ಎಂದರು. ನಿಮ್ಮ ಮನಸ್ಸಿನಲ್ಲಿ ಆ ಪ್ರಶ್ನೆ ಇದ್ದರೆ ಈಗ ಅದನ್ನು ಬಿಟ್ಟುಬಿಡಿ.

ಇಷ್ಟು ವರ್ಷ ನಾನು ಒಂದನ್ನೇ ಕೇಳುತ್ತಿದ್ದೆ, ನನ್ನ ಗಂಡನಿಗೆ ಏನಾಯಿತು ಎಂದು. ಆ ಸೀಟಿನಲ್ಲಿ ಕೂತು ಕೆಳಗೆ ನೋಡಿದಾಗ ನನ್ನ ಮಗಳ ಕೈ ನಡುಗುತ್ತಿತ್ತು. ನಿಂತ ಎಂಜಿನ್ನಿನಲ್ಲಿ, ಸ್ವಲ್ಪ ಹೊತ್ತಿಗೇ. ಆಗ ಹೊಳೆಯಿತು, ಅಂದು ಅಲ್ಲಿ ಇಬ್ಬರಿದ್ದರು. ಒಬ್ಬರನ್ನು ಇಳಿಸಿಕೊಂಡು ಹೋದರು. ಇನ್ನೊಬ್ಬರನ್ನು ಯಾರು ಇಳಿಸಿದರು? ನಿಮ್ಮ ಕೈಗೆ ಆಮೇಲೆ ಯಾರು ನೀರು ಕೊಟ್ಟರು? ಮರುದಿನ ನೀವು ಎಂಜಿನ್ ಹತ್ತಿದಿರಾ? ನಿಮ್ಮ ಪೂವಕ್ಕನಿಗೆ ಏನೆಂದು ಬರೆದಿರಿ? ಇದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ನೀವು ಬಾಗಿಲಿಗೇ ಬಂದಿದ್ದಿರಿ, ಆಗಲೂ ಕೇಳಲಿಲ್ಲ.

ನೌಶಾದ್ ವಿಚಾರಿಸಿದ್ದಾನೆ. ನೀವು ಊರಿಗೆ ಹೋಗುವಾಗ ದಮ್ಮಾಮ್‌ನಿಂದ ದೋಹಾಕ್ಕೆ ಬಂದು, ಇಲ್ಲಿಂದ ಮಂಗಳೂರಿನ ವಿಮಾನ ಹತ್ತಬಹುದಂತೆ. ಇಲ್ಲಿ ಎರಡು ದಿನ ಇರಲು ಬೇಕಾದ ವೀಸಾ ಅವನೇ ಮಾಡಿಸುತ್ತಾನೆ. ಉಪವಾಸದ ತಿಂಗಳು ಎಂದು ಸಂಕೋಚ ಪಡಬೇಡಿ. ಹಗಲಿಗೆ ನಿಮಗೆ ಅಡುಗೆ ಮಾಡಿಡುತ್ತೇನೆ, ಸಂಜೆ ನಮ್ಮ ಜೊತೆ ಕೂರಿ.

ನನ್ನ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ ಬರೆಯಬೇಡಿ. ಬಂದು ಹೇಳಿ. ನಾನು ಎದುರಿಗೆ ಕೂತು ಕೇಳುತ್ತೇನೆ.

ನಿಮ್ಮ ಅಕ್ಕ,
ಝಾಹಿದಾ